‘ಆಂಟಿಗೆ ಹೇಳಬೇಡಮ್ಮ’ ಅಂತಾಳೆ ಮಗಳು

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೊರದೇಶದಲ್ಲಿ ಒಂದು ಕುಟುಂಬದ ಜೊತೆ ಇದ್ದಾಳೆ. ಹೋದ ವಾರ ನಡುರಾತ್ರಿ ಫೋನ್ ಮಾಡಿ ಜ್ವರ, ವಾಂತಿ ಅಂತ ಅತ್ತಳು. ವಿಡಿಯೊ ಕಾಲ್‌ನಲ್ಲೇ ಯಾವ ಮಾತ್ರೆ ತಗೋಬೇಕು ಅಂತ ಹೇಳಿದೆ. ಆ ಮನೆಯ ಆಂಟಿಗೆ ಹೇಳು ಅಂದರೆ ಸುತರಾಂ ಒಪ್ಪಲಿಲ್ಲ. ಅವರಿಗೆ ಆಫೀಸು, ಚಿಕ್ಕ ಮಕ್ಕಳು ಬೇರೆ, ನಾನು ಭಾರ ಆಗಬಾರದು ಅಂತಾಳೆ. ಈಗ ಹುಷಾರಾಗಿದ್ದಾಳೆ. ಮತ್ತೆ ಹೀಗಾದರೆ ನಾನೇ ಅವರಿಗೆ ಫೋನ್ ಮಾಡಬಹುದಾ?
— ಒಬ್ಬ ತಾಯಿ

ಉತ್ತರ: ಮಾಡಬಹುದು. ಆದರೆ ಮೊದಲು ಹೇಳಬೇಕಾದವಳು ನಿಮ್ಮ ಮಗಳೇ, ಅದೂ ಮೈ ಬಿಸಿಯಾದ ಮೊದಲ ದಿನವೇ. ಇಂಥ ವಿದ್ಯಾರ್ಥಿಗಳ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದವಳು ನಾನು. ಜ್ವರಕ್ಕೆ ಗಾಬರಿಯಾದ ಮನೆಯವರನ್ನು ಅಷ್ಟಾಗಿ ಕಂಡಿಲ್ಲ. ಎರಡು ದಿನ ಗುಟ್ಟಾಗಿ ಮಲಗಿದ್ದ ಹುಡುಗಿ ಮೂರನೇ ದಿನ ಏಳಲಾರದೆ ಹೋದಾಗ ಕೈಕಾಲು ಬಿಟ್ಟವರನ್ನು ಕಂಡಿದ್ದೇನೆ. ಬೇರೆಯವರ ಮಗುವಿನ ಹೊಣೆ ಹೊತ್ತವರು, ಪಾಪ.

ಭಾರ ಆಗಬಾರದು ಅನ್ನುವ ಲೆಕ್ಕವೇ ಇಲ್ಲಿ ತಲೆಕೆಳಗು. ವಾಂತಿ ತರಿಸುವ ನೊರೊವೈರಸ್ ಒಂದು ಮನೆಯೊಳಗೆ ಬಲು ಬೇಗ ಹರಡುತ್ತದೆ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ಹಾಕಿಯೇ ಕೈ ತೊಳೆಯಬೇಕು. ವಾಂತಿ, ಭೇದಿ ನಿಂತ ಮೇಲೂ 48 ಗಂಟೆ ಬೇರೆಯವರಿಗೆ ಅಡುಗೆ ಮಾಡಬಾರದು, ಶಾಲೆಗೂ ಹೋಗಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಮುಚ್ಚಿಟ್ಟರೆ ಯಾರಿಗೆ ತೊಂದರೆ, ನೀವೇ ಹೇಳಿ.

ಹೇಳುವುದಕ್ಕೂ ಒಂದು ಕ್ರಮ ಇದೆ. ‘ಯಾಕೋ ಹುಷಾರಿಲ್ಲ’ ಅಂದರೆ ಅವರು ‘ಹೋಗಿ ಮಲಗು’ ಅಂದು ಸುಮ್ಮನಾಗುತ್ತಾರೆ. ಎಷ್ಟು ಹೊತ್ತಿನಿಂದ, ಜ್ವರ ಎಷ್ಟು, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿದೆಯಾ, ಮೂತ್ರ ಹೋಗುತ್ತಿದೆಯಾ, ಇಷ್ಟನ್ನು ಹೇಳಬೇಕು. ಒಂದು ಸಲ ಯುರೋಪಿನ ಒಂದು ಮನೆಯ ಯಜಮಾನರು ನನಗೆ ಫೋನ್ ಮಾಡಿ, ‘ಹುಡುಗ ಜ್ವರ 102 ಅಂತಾನೆ, ತಮಾಷೆ ಮಾಡ್ತಿದ್ದಾನಾ?’ ಅಂತ ಕೇಳಿದ್ದರು. ಅಲ್ಲಿ ಸೆಲ್ಸಿಯಸ್ ಲೆಕ್ಕ. ಅವರ 38 ನಮ್ಮ 100.4. ಅಮೆರಿಕದಲ್ಲಿದ್ದರೆ ಫ್ಯಾರನ್‌ಹೀಟೇ ನಡೆಯುತ್ತದೆ.

ಇನ್ನು ನಿಮ್ಮ ವಿಡಿಯೊ ಡಾಕ್ಟರಿಕೆ. ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ಬಿಟ್ಟುಬಿಡಿ. ನೀವು ಇಲ್ಲಿಂದ ಪ್ಯಾರಾಸಿಟಮಾಲ್ ಅಂತೀರಿ. ಮಗಳು ನುಂಗುತ್ತಾಳೆ. ಆಮೇಲೆ ಆ ಮನೆಯವರು ನೆಗಡಿ ಪುಡಿಯನ್ನು ಬಿಸಿನೀರಿಗೆ ಹಾಕಿ ಕೊಡುತ್ತಾರೆ. ಅಂಥ ಎಷ್ಟೋ ಪುಡಿಗಳಲ್ಲಿ ಇರುವುದೂ ಅದೇ ಪ್ಯಾರಾಸಿಟಮಾಲ್. ಅಮೆರಿಕದ ಡಬ್ಬಿ ಮೇಲೆ ಅಸಿಟಮಿನೊಫೆನ್ ಅಂತ ಬರೆದಿರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್ ಕೆಡುತ್ತದೆ. ಡಬ್ಬಿ ತಿರುಗಿಸಿ, ಸಣ್ಣ ಅಕ್ಷರದ ಪಟ್ಟಿ ಓದಿ, ಆಮೇಲೆ ನುಂಗಲಿ. ಬ್ಯಾಗಿನಲ್ಲಿ ಹಳೇ ಆಂಟಿಬಯಾಟಿಕ್ ಸ್ಟ್ರಿಪ್ ಇಟ್ಟು ಕಳಿಸಿದ್ದರೆ ಅದನ್ನು ಮುಟ್ಟಬಾರದು.

ಡಾಕ್ಟರ ಹತ್ತಿರ ಹೋದರೂ ಅವರು ಏನೂ ಕೊಡದೆ ‘ನೀರು ಕುಡಿ, ಮಲಗು’ ಅಂತ ಕಳಿಸಬಹುದು. ಆಗ ತಂದೆತಾಯಿ ನನಗೆ ಫೋನ್ ಮಾಡಿ ಜಗಳ ಆಡಿದ್ದೂ ಉಂಟು. ವೈರಲ್ ಜ್ವರಕ್ಕೆ ಸಾಮಾನ್ಯವಾಗಿ ಅದೇ ಸರಿಯಾದ ಚಿಕಿತ್ಸೆ. ಆ ಮನೆಯವರ ಮೇಲೆ ಅನುಮಾನ ಬೇಡ.

ಕಾಯಲೇಬಾರದ ಲಕ್ಷಣಗಳು ಬೇರೆ ಇವೆ. ಉಸಿರಾಡಲು ಕಷ್ಟ. ಜೋರು ತಲೆನೋವಿನ ಜೊತೆ ಕುತ್ತಿಗೆ ಬಿಗಿತ. ಮಾತು ತೊದಲುವುದು, ಮಂಕು ಕವಿಯುವುದು. ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ಕೆಂಪು ಗುಳ್ಳೆ. ಹೊಕ್ಕುಳ ಹತ್ತಿರ ಶುರುವಾಗಿ ಕೆಳಹೊಟ್ಟೆಯ ಬಲಕ್ಕೆ ಸರಿಯುವ ನೋವು. ಇವುಗಳಲ್ಲಿ ಯಾವುದಿದ್ದರೂ ನಡುರಾತ್ರಿಯೇ ಆಗಲಿ, ಬಾಗಿಲು ಬಡಿದು ಎಬ್ಬಿಸಬೇಕು. ತುರ್ತು ನಂಬರ್ ಯುರೋಪ್ ಒಕ್ಕೂಟದಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ಜಪಾನಿನಲ್ಲಿ ಆಂಬುಲೆನ್ಸ್‌ಗೆ 119. ಅಷ್ಟು ತುರ್ತಲ್ಲದಿದ್ದರೆ ಇನ್ಶೂರೆನ್ಸ್ ಕಾರ್ಡಿನ ಮೇಲಿರುವ ಸಹಾಯವಾಣಿಗೆ ಮೊದಲು ಫೋನ್ ಮಾಡಿ, ಎಲ್ಲಿಗೆ ಹೋಗಬೇಕು ಅಂತ ಕೇಳಿ ಹೋಗಲಿ. ಅಮೆರಿಕದಲ್ಲಿ ಸುಮ್ನೆ ಎಮರ್ಜೆನ್ಸಿ ವಿಭಾಗಕ್ಕೆ ಹೋದರೆ ಬಿಲ್ ನೋಡಿ ಜ್ವರ ಜಾಸ್ತಿಯಾಗುತ್ತದೆ. ಬಿಲ್ಲು, ಚೀಟಿ ಎಲ್ಲ ಫೋಟೊ ತೆಗೆದಿಟ್ಟುಕೊಳ್ಳಲಿ.

ಮಗಳಿಗಿನ್ನೂ 18 ತುಂಬಿಲ್ಲ. ಚಿಕಿತ್ಸೆಗೆ ಒಪ್ಪಿಗೆ ಅಂತ ಹೊರಡುವ ಮುಂಚೆ ಒಂದು ಪತ್ರಕ್ಕೆ ಸಹಿ ಹಾಕಿರುತ್ತೀರಿ. ಅದರ ಪ್ರತಿ ಆ ಮನೆಯವರ ಕೈಯಲ್ಲಿದೆಯಾ ಕೇಳಿ. ಕೋಆರ್ಡಿನೇಟರ್ ನಂಬರ್ ನಿಮ್ಮ ಫೋನಿನಲ್ಲೂ ಇರಲಿ. ಮಗಳು ಹೇಳಲು ಒಪ್ಪದಿದ್ದರೆ ‘ಸಂಜೆಯೊಳಗೆ ನೀನು ಹೇಳು, ಇಲ್ಲದಿದ್ದರೆ ನಾನು ಹೇಳ್ತೀನಿ’ ಅಂತ ಗಡುವು ಕೊಡಿ. ಬೆನ್ನ ಹಿಂದೆ ಹೇಳಿದ ಹಾಗೆ ಆಗುವುದಿಲ್ಲ.

ಹೋದ ವಾರದ ವಿಷಯವನ್ನೂ ಅವಳು ಈಗಲೇ ಹೇಳಿಬಿಡಲಿ. ವಾಸಿಯಾಯಿತಲ್ಲ, ಇನ್ಯಾಕೆ ಅನ್ನಬೇಡಿ. ಈ ವಾರ ಆ ಮನೆಯ ಮಗುವಿಗೆ ವಾಂತಿ ಶುರುವಾದರೆ ಅದು ಎಲ್ಲಿಂದ ಬಂತು ಅಂತ ಅವರು ಡಾಕ್ಟರಿಗೆ ಹೇಳಬೇಕಲ್ವಾ?