ಏಳು ಮಿಲಿಮೀಟರಿನ ಗಂಟು

ಆಪ್ತಸಲಹೆಗೆಂದು ನನ್ನ ಬಳಿಗೆ ಇಂಥದೇ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಶಿಕ್ಷಕಿ, ನಲವತ್ತು ದಾಟಿದವರು. ಬೇರಾವುದೋ ತೊಂದರೆಗೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಗ್ರಂಥಿಯೊಳಗೆ 7 ಮಿಲಿಮೀಟರಿನ ಗಂಟು ಕಂಡಿತು. ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಕ್ಯಾನ್ಸರ್, ಅಂದರೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಬಗೆಯ ಥೈರಾಯ್ಡ್ ಕ್ಯಾನ್ಸರ್, ಎಂದು ಬಂತು. ಅದು ಹರಡಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಬಹುದು, ಇಲ್ಲವೇ ನಿಯಮಿತವಾಗಿ ಸ್ಕ್ಯಾನ್ ಮಾಡುತ್ತ ಕಾಯಬಹುದು ಎಂದು ವೈದ್ಯರು ಎರಡು ದಾರಿ ತೋರಿಸಿದ್ದರು. ಅಲ್ಲಿಂದ ಆಕೆಗೆ ನಿದ್ದೆಯಿಲ್ಲ.

ಮಾತಿನ ನಡುವೆಯೂ ಆಕೆಯ ಬೆರಳು ಗಂಟಲನ್ನು ಒತ್ತಿ ನೋಡುತ್ತಲೇ ಇತ್ತು. ಕಾಯುವುದರಲ್ಲಿ ನಿಮಗೆ ಯಾವುದರ ಭಯ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಹೇಳಿದರು: "ಗಂಟಿನ ಭಯಕ್ಕಿಂತ ಅಕ್ಕನ ಭಯ ಹೆಚ್ಚು, ಮೇಡಂ. ನಾಳೆ ಏನಾದರೂ ಆದರೆ, ಗೊತ್ತಿದ್ದೂ ಸುಮ್ಮನೆ ಕುಳಿತೆಯಲ್ಲ ಎನ್ನುತ್ತಾಳೆ."

ಅಲ್ಲಿಯವರೆಗೆ ನಾವು ರೋಗದ ಬಗ್ಗೆಯೇ ಮಾತನಾಡುತ್ತಿದ್ದೆವು. ಆಕೆಯನ್ನು ಶಸ್ತ್ರಚಿಕಿತ್ಸೆಯತ್ತ ತಳ್ಳುತ್ತಿದ್ದುದು ನಾಳೆ ಬರಬಹುದಾದ ದೂರು.

ಅಕ್ಕನನ್ನೂ ಕರೆದುಕೊಂಡು ವೈದ್ಯರ ಬಳಿಗೆ ಹೋಗಿ ಎಂದೆ. ಗಂಟು ಎಷ್ಟು ಬೆಳೆದರೆ ಕಾಯುವುದನ್ನು ನಿಲ್ಲಿಸಬೇಕು, ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಯ ನರಕ್ಕೆ ಪೆಟ್ಟಾಗುವ ಸಾಧ್ಯತೆ ಎಷ್ಟು, ಗ್ರಂಥಿಯನ್ನು ಪೂರ್ತಿ ತೆಗೆದರೆ ಜೀವನವಿಡೀ ಮಾತ್ರೆ ಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅಕ್ಕನೇ ಕಿವಿಯಾರೆ ಕೇಳಲಿ. ಅದುವರೆಗೆ ನಿರ್ಧಾರ ಬೇಡ. ಗಂಟಲು ಒತ್ತಿ ನೋಡುವುದನ್ನು ಬಿಡಿ, ಇಷ್ಟು ಸಣ್ಣ ಗಂಟಿನ ಬೆಳವಣಿಗೆ ಬೆರಳಿಗೆ ತಿಳಿಯುವಂಥದ್ದಲ್ಲ.

ಚಿಕಿತ್ಸೆ ತಪ್ಪಿಸುತ್ತೀರಿ ಎಂದು ನನ್ನ ಮೇಲೆ ಆಕ್ಷೇಪವಿದೆ. ದಾರಿ ಆರಿಸುವುದು ನನ್ನ ಕೆಲಸವಲ್ಲ. ಹೆದರಿಕೆಯಲ್ಲಿ ಆರಿಸಬೇಡಿ ಎನ್ನುವುದು ಮಾತ್ರ ನನ್ನದು. ದಕ್ಷಿಣ ಕೊರಿಯಾದಲ್ಲಿ ಲಕ್ಷಣವಿಲ್ಲದವರಿಗೂ ಕತ್ತಿನ ಸ್ಕ್ಯಾನ್ ರೂಢಿಯಾಗಿ, 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ ಸುಮಾರು 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಜಪಾನಿನ ಕುಮಾ ಆಸ್ಪತ್ರೆ 1993ರಿಂದ ಇಂಥ ಸಣ್ಣ ಗಂಟುಗಳನ್ನು ಕಾದು ನೋಡುತ್ತಿದೆ. ಅಲ್ಲಿ ಹತ್ತು ವರ್ಷಗಳಲ್ಲಿಯೂ ಹೆಚ್ಚಿನವು ಬೆಳೆಯಲಿಲ್ಲ.

ಆಕೆ ಕೊನೆಗೆ ಕಾಯುವ ದಾರಿ ಹಿಡಿದರು. ಶಸ್ತ್ರಚಿಕಿತ್ಸೆಯನ್ನೇ ಆರಿಸಿದ್ದರೂ ನನಗೆ ಅಷ್ಟೇ ಸಮಾಧಾನವಿರುತ್ತಿತ್ತು. ಆದರೆ ಕೈಗೆ ಸಿಗುವ ಗಂಟು, ವಾರಗಟ್ಟಲೆ ಒಡೆದ ಧ್ವನಿ, ನುಂಗಲು ತೊಂದರೆ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ತಡಮಾಡದೆ ವೈದ್ಯರನ್ನು ಕಾಣಬೇಕು.