ಒಂದು ಸ್ಟಾರ್ ಕೊಟ್ಟವರಿಗೆ ಏನೆಂದು ಉತ್ತರಿಸಬೇಕು?

ಓದುಗರ ಪತ್ರ: ‘ಸಣ್ಣ ಹೋಟೆಲ್‌ಗಳೂ ಸಾಮಾಜಿಕ ಜಾಲತಾಣಕ್ಕೆ ಬರಲೇಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾವು ಬಂದೆವು, ಅನುಭವಿಸುತ್ತಿದ್ದೇವೆ. ತಂದೆ ಕಟ್ಟಿದ ಹೋಟೆಲ್, ಈಗ ನಾನು ನೋಡಿಕೊಳ್ಳುತ್ತೇನೆ. ಊಟ ಚೆನ್ನಾಗಿಲ್ಲ ಎಂದು ಎದುರಿಗೆ ಯಾರೂ ಹೇಳಿದ್ದಿಲ್ಲ. ಮನೆಗೆ ಹೋಗಿ ಮೊಬೈಲ್‌ನಲ್ಲಿ ಒಂದು ಸ್ಟಾರ್ ಒಗೆಯುತ್ತಾರೆ. ಅದನ್ನು ಸರಿದೂಗಿಸಲು ಬಂಧುಗಳಿಂದ ಐದೈದು ಸ್ಟಾರ್ ಹಾಕಿಸಿದೆ, ವಾರದೊಳಗೆ ಅವು ಮಾಯವಾದವು. ಹಣ ಕೊಟ್ಟರೆ ರೇಟಿಂಗ್ ಏರಿಸುತ್ತೇವೆ ಎಂದು ಒಬ್ಬರು ಫೋನ್ ಮಾಡುತ್ತಾರೆ. ಪುಕ್ಕಟೆ ಊಟ ಹಾಕಿದರೆ ವಿಡಿಯೊ ಮಾಡುತ್ತೇವೆ ಎಂದು ಇನ್ನೊಬ್ಬರು ಬರುತ್ತಾರೆ. ಎಲ್ಲವನ್ನೂ ಮುಚ್ಚಿ ಅಡುಗೆಯನ್ನಷ್ಟೇ ನೋಡಿಕೊಳ್ಳಲೇ? ಅಥವಾ ಗಲ್ಲಾದ ಬಳಿ ಕ್ಯೂಆರ್ ಕೋಡ್ ಅಂಟಿಸಿ ರಿವ್ಯೂ ಕೇಳಲೇ? ಕೆಲವು ರಿವ್ಯೂಗಳನ್ನೂ ನನ್ನ ಉತ್ತರಗಳನ್ನೂ ಲಗತ್ತಿಸಿದ್ದೇನೆ. ಹೆಸರು ಪ್ರಕಟಿಸಬೇಡಿ.’

ಮಾನ್ಯರೇ,

ರಿವ್ಯೂಗಳನ್ನೂ ಜೊತೆಗೆ ಕಳಿಸಿ ಒಳ್ಳೆಯದು ಮಾಡಿದಿರಿ. ಬರೀ ದೂರು ಬಂದಿದ್ದರೆ ನಾನೂ ಬರೀ ಸಮಾಧಾನ ಹೇಳಿ ಮುಗಿಸುತ್ತಿದ್ದೆ. ಈಗ ಹಾಗೆ ಮಾಡಲಾಗುವುದಿಲ್ಲ. ನೀವು ಲಗತ್ತಿಸಿದ ಒಂಬತ್ತು ರಿವ್ಯೂಗಳನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಅವನ್ನು ಬರೆದವರ ಮೇಲೆ ನಿಮಗೆ ಬಂದ ಸಿಟ್ಟು ದೊಡ್ಡದು, ಅವರು ಬರೆದದ್ದನ್ನು ನೀವು ಓದಿದ್ದು ಕಡಿಮೆ.

ಮೊದಲು ಮುಚ್ಚುವ ಮಾತು. ನಿಮ್ಮ ಖಾತೆಯನ್ನು ನೀವು ಅಳಿಸಿದರೂ ಹೋಟೆಲ್ ನಕ್ಷೆಯಿಂದ ಅಳಿಸಿಹೋಗುವುದಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಜಾಗವನ್ನು ಸೇರಿಸಲು ಅದರ ಮಾಲೀಕರೇ ಆಗಬೇಕೆಂದಿಲ್ಲ. ಹೋಗಿಬಂದ ಯಾರಾದರೂ ಸೇರಿಸಬಹುದು; ಬಾಗಿಲು ತೆರೆಯುವ ವೇಳೆ, ಫೋನ್ ನಂಬರ್ ತಪ್ಪಾಗಿದೆ ಎಂದು ತಿದ್ದುಪಡಿ ಸೂಚಿಸಬಹುದು. ಹಳೆಯ ರಿವ್ಯೂಗಳು ಅಲ್ಲೇ ಇರುತ್ತವೆ, ಹೊಸವೂ ಬರುತ್ತವೆ. ಉತ್ತರ ಕೊಡುವ ಅವಕಾಶವೊಂದೇ ನಿಮ್ಮ ಕೈತಪ್ಪುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನಿಗೆ ನೆಗಡಿಯಾದರೂ ಹೋದೀತು. ಇಲ್ಲಿ ಅದೂ ಹೋಗುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದು ನಿಮ್ಮಂಥವರ ಪರವಾಗಿಯೇ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೇಲ್ ಲೂಕಾ ಅವರು 2011ರಲ್ಲಿ ಸಿಯಾಟಲ್ ನಗರದ ಹೋಟೆಲ್‌ಗಳ ವರಮಾನದ ಸರ್ಕಾರಿ ದಾಖಲೆಗಳನ್ನು ಯೆಲ್ಪ್ ಎಂಬ ರಿವ್ಯೂ ತಾಣದ ಸ್ಟಾರ್‌ಗಳ ಪಕ್ಕದಲ್ಲಿಟ್ಟು ನೋಡಿದರು. ಚೆನ್ನಾಗಿ ನಡೆಯುವ ಹೋಟೆಲ್‌ಗೆ ಹೆಚ್ಚು ಸ್ಟಾರ್ ಸಿಗುವುದೋ, ಸ್ಟಾರ್ ಹೆಚ್ಚಿರುವುದರಿಂದ ಹೋಟೆಲ್ ಚೆನ್ನಾಗಿ ನಡೆಯುವುದೋ ಎಂಬ ತೊಡಕನ್ನು ಅವರು ಬಿಡಿಸಿದ ರೀತಿ ಜಾಣತನದ್ದು. ಯೆಲ್ಪ್ ಆಗ ಸರಾಸರಿಯನ್ನು ಅರ್ಧ ಸ್ಟಾರ್‌ನ ಲೆಕ್ಕಕ್ಕೆ ಸರಿಪಡಿಸಿ ತೋರಿಸುತ್ತಿತ್ತು. 3.24 ಇದ್ದವರಿಗೆ ಮೂರು ಸ್ಟಾರ್, 3.26 ಇದ್ದವರಿಗೆ ಮೂರೂವರೆ. ಊಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ತೋರಿಕೆಯಲ್ಲಿ ಮಾತ್ರ ಅರ್ಧ ಸ್ಟಾರ್ ಅಂತರ. ಹೀಗೆ ಗಡಿಯ ಆಚೀಚೆ ಬಿದ್ದವರನ್ನು ಹೋಲಿಸಿದಾಗ, ಒಂದು ಸ್ಟಾರ್ ಏರಿದರೆ ವರಮಾನ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಕಂಡಿತು. ಗಮನಿಸಬೇಕಾದದ್ದು ಮುಂದಿನದು: ಈ ಏರಿಕೆ ಕಂಡದ್ದು ಒಬ್ಬರೇ ನಡೆಸುವ ಸ್ವತಂತ್ರ ಹೋಟೆಲ್‌ಗಳಲ್ಲಿ. ಊರೂರಿಗೆ ಶಾಖೆ ಇಟ್ಟ ದೊಡ್ಡ ಸರಣಿ ಹೋಟೆಲ್‌ಗಳ ಮೇಲೆ ಸ್ಟಾರ್‌ಗಳು ಪರಿಣಾಮ ಬೀರಲಿಲ್ಲ. ಅವರ ಬೋರ್ಡು ನೋಡಿದರೆ ಸಾಕು, ಒಳಗೆ ಏನು ಸಿಗುತ್ತದೆಂದು ಜನರಿಗೆ ಗೊತ್ತು. ನಿಮ್ಮ ಬೋರ್ಡು ಹೊಸಬರಿಗೆ ಏನನ್ನೂ ಹೇಳುವುದಿಲ್ಲ. ಆ ಕೆಲಸವನ್ನು ರಿವ್ಯೂ ಮಾಡುತ್ತದೆ. ಬರ್ಕ್ಲಿಯ ಅರ್ಥಶಾಸ್ತ್ರಜ್ಞರಾದ ಆಂಡರ್ಸನ್ ಮತ್ತು ಮಗ್ರೂಡರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ಅರ್ಧ ಸ್ಟಾರ್‌ನ ಗಡಿಯನ್ನು ಹಿಡಿದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಬೇರೆ ಕಡೆ ಮಾಹಿತಿ ಸಿಗದ ಹೋಟೆಲ್‌ಗಳಿಗೇ ಇದರ ಪರಿಣಾಮ ಹೆಚ್ಚು ಎಂದು ಕಂಡುಬಂತು. ಹಾಗಾಗಿ ಹಿಂದಿನ ಸಂಚಿಕೆಯ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಆದರೆ ನಿಮಗೆ ನೋವು ಯಾಕೆ ಹೆಚ್ಚು ಎಂಬುದೂ ನನಗೆ ಅರ್ಥವಾಗುತ್ತದೆ. ಸರಳ ಸರಾಸರಿಯ ಲೆಕ್ಕ ಹಿಡಿಯಿರಿ. 400 ರಿವ್ಯೂ, ಸರಾಸರಿ 4.5 ಇರುವ ಹೋಟೆಲ್‌ಗೆ ಒಬ್ಬರು ಒಂದು ಸ್ಟಾರ್ ಕೊಟ್ಟರೆ ಅದು 4.49 ಆಗುತ್ತದೆ; ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮಗಿರುವಂತೆ 20 ರಿವ್ಯೂ ಇದ್ದರೆ ಅದೇ ಒಂದು ಸ್ಟಾರ್ 4.5ನ್ನು 4.33ಕ್ಕೆ ಇಳಿಸುತ್ತದೆ. ಮತ್ತೆ 4.5 ಮುಟ್ಟಲು ಏಳು ಜನ ಐದೈದು ಸ್ಟಾರ್ ಕೊಡಬೇಕು. ಒಬ್ಬರ ಮುನಿಸಿಗೆ ಏಳು ಜನರ ಮೆಚ್ಚುಗೆ! ಭಾವ, ಮೈದುನ, ಚಿಕ್ಕಪ್ಪನ ಮಗಳು ಎಂದು ನೀವು ಹುಡುಕಿಕೊಂಡು ಹೋದದ್ದು ಇದಕ್ಕೇ ತಾನೆ?

ಅವು ಮಾಯವಾದದ್ದು ನಿಮ್ಮ ಪುಣ್ಯ. ಮಾಲೀಕರು, ನೌಕರರು, ಮನೆಯವರು ಬರೆಯುವ ಹೊಗಳಿಕೆಯನ್ನು ಟ್ರಿಪ್‌ಅಡ್ವೈಸರ್ ಎಂಬ ರಿವ್ಯೂ ತಾಣ ಮೋಸವೆಂದೇ ಎಣಿಸುತ್ತದೆ. ಹಣ ಕೊಟ್ಟು ರಿವ್ಯೂ ಬರೆಸಿ ಸಿಕ್ಕಿಬಿದ್ದವರ ಪುಟದ ಮೇಲೆ ಯೆಲ್ಪ್ 2012ರಿಂದ ಗ್ರಾಹಕರಿಗೆ ಎಚ್ಚರಿಕೆಯ ಫಲಕವನ್ನೇ ಹಾಕುತ್ತಿದೆ. ಇನ್ನು ಕಾನೂನು: ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಕಲಿ ರಿವ್ಯೂಗಳನ್ನು ನಿಷೇಧಿಸಿದ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು, ಸಂಬಂಧ ಮುಚ್ಚಿಟ್ಟು ಹತ್ತಿರದ ಬಂಧುಗಳಿಂದ ಬರೆಸುವುದೂ ಅದರ ವ್ಯಾಪ್ತಿಯಲ್ಲಿದೆ. ಬ್ರಿಟನ್‌ನಲ್ಲಿ 2025ರ ಏಪ್ರಿಲ್‌ನಿಂದ ಇಂಥದೇ ನಿಷೇಧವಿದೆ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದು ಐಎಸ್ 19000 ಎಂಬ ಮಾನದಂಡ ತಂದಿತು, ಅದು ಸ್ವಯಂಪ್ರೇರಿತ. ಫೋನ್ ಮಾಡಿ ರೇಟಿಂಗ್ ಏರಿಸುತ್ತೇವೆ ಎನ್ನುವವರು ಇದಾವುದನ್ನೂ ನಿಮಗೆ ಹೇಳಿರಲಾರರು.

‘ಎಲ್ಲರೂ ಮಾಡುತ್ತಾರೆ’ ಎಂದು ನೀವು ಹೇಳಬಹುದು. ಎಲ್ಲರೂ ಅಲ್ಲ, ಆದರೆ ಕಡಿಮೆ ಜನರೂ ಅಲ್ಲ. ಲೂಕಾ ಮತ್ತು ಜರ್ವಾಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಾಸ್ಟನ್‌ನ ಹೋಟೆಲ್‌ಗಳ ಬಗ್ಗೆ ಬಂದ ರಿವ್ಯೂಗಳಲ್ಲಿ ಶೇ 16ರಷ್ಟನ್ನು ಯೆಲ್ಪ್ ಅನುಮಾನಾಸ್ಪದವೆಂದು ಬದಿಗೆ ಸರಿಸಿತ್ತು. ರಿವ್ಯೂ ಕಡಿಮೆ ಇರುವವರು, ಇತ್ತೀಚೆಗೆ ಕೆಟ್ಟ ರಿವ್ಯೂ ಬಂದವರೇ ಈ ದಾರಿ ಹಿಡಿಯುವುದು ಹೆಚ್ಚು ಎಂದೂ ಅವರು ಕಂಡರು. ನಿಮ್ಮ ಪರಿಸ್ಥಿತಿಯನ್ನೇ ನೋಡಿ ಬರೆದಂತಿದೆ.

ನಕಲಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2017ರ ಲಂಡನ್ ಪ್ರಸಂಗ ಸಾಕು. ಊಬಾ ಬಟ್ಲರ್ ಎಂಬ ಪತ್ರಕರ್ತ ತಾನು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ ‘ದ ಶೆಡ್ ಅಟ್ ಡಲ್ವಿಚ್’ ಎಂಬ ಹೋಟೆಲ್ ಎಂದು ಟ್ರಿಪ್‌ಅಡ್ವೈಸರ್‌ಗೆ ಸೇರಿಸಿದ. ಶೇವಿಂಗ್ ಫೋಮ್ ಮುಂತಾದವುಗಳಿಂದ ‘ಖಾದ್ಯ’ ಮಾಡಿ ಫೋಟೊ ತೆಗೆದ. ಸ್ನೇಹಿತರಿಂದ ರಿವ್ಯೂ ಬರೆಸಿದ. ಒಂದು ತುತ್ತೂ ಬಡಿಸದ ಆ ಹೋಟೆಲ್ ತಿಂಗಳುಗಳಲ್ಲೇ ಲಂಡನ್‌ನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜನ ಟೇಬಲ್‌ಗಾಗಿ ಫೋನ್ ಮೇಲೆ ಫೋನ್ ಮಾಡಿದರು. ಅವನಿಗೆ ದಕ್ಕಿತು, ಯಾಕೆಂದರೆ ಅವನಿಗೆ ಮರುದಿನ ಬಾಗಿಲು ತೆಗೆಯುವ ಗೋಜಿರಲಿಲ್ಲ. ನಿಮಗಿದೆ. ಕೊಂಡ ಸ್ಟಾರ್ ನೋಡಿ ಬಂದವರು ಇಲ್ಲದ್ದನ್ನು ನಿರೀಕ್ಷಿಸಿ ಬರುತ್ತಾರೆ, ಕೂತು ತಿಂದು ನಿಜವಾದ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಈಗ ನಿಮ್ಮ ಲಗತ್ತಿಗೆ ಬರೋಣ. ಒಂದು ರಿವ್ಯೂ ಹೀಗಿದೆ: ‘ಭಾನುವಾರ ಮಧ್ಯಾಹ್ನ ಮುಕ್ಕಾಲು ಗಂಟೆ ಕಾದೆವು. ಬಂದದ್ದು ತಣ್ಣಗಿತ್ತು. ಕೇಳಿದರೆ ಸಪ್ಲೈಯರ್ ಮುಖ ತಿರುಗಿಸಿಕೊಂಡು ಹೋದ.’ ಅದಕ್ಕೆ ನಿಮ್ಮ ಉತ್ತರ: ‘ಭಾನುವಾರ ಎಲ್ಲ ಹೋಟೆಲ್‌ಗಳಲ್ಲೂ ಹೀಗೆಯೇ ಇರುತ್ತದೆ. ಕಾಯಲಾಗದವರು ಮನೆಯಲ್ಲೇ ಮಾಡಿಕೊಂಡು ತಿನ್ನಬೇಕು. ನಿಮ್ಮನ್ನು ಯಾರು ಕಳಿಸಿದ್ದಾರೆಂದು ನಮಗೆ ಗೊತ್ತು.’

ಅವರು ಹೇಳಿದ್ದು ಮೂರು ಸಂಗತಿ. ನೀವು ಮೊದಲನೆಯದನ್ನು ಒಪ್ಪಿದಿರಿ, ಉಳಿದ ಎರಡಕ್ಕೆ ಬಾಯಿ ಬಿಡಲಿಲ್ಲ, ಆಮೇಲೆ ಒಂದು ಅವಮಾನ, ಒಂದು ಆರೋಪ. ಆ ಗ್ರಾಹಕರು ಇದನ್ನು ಒಮ್ಮೆ ಓದಿರಬಹುದು, ಓದದೆಯೂ ಇರಬಹುದು. ಓದುವವರು ಬೇರೆ: ಎಲ್ಲಿ ಊಟ ಮಾಡೋಣ ಎಂದು ಮೊಬೈಲ್ ಹಿಡಿದು ಕುಳಿತವರು. ಸಪ್ಲೈಯರ್ ನಿಜಕ್ಕೂ ಮುಖ ತಿರುಗಿಸಿದನೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಮಾಲೀಕರು ತಿರುಗಿಸಿದ್ದು ಮಾತ್ರ ಕಣ್ಣೆದುರಿಗೇ ಇದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಕಾಯಿಸಿದ್ದಕ್ಕೂ ತಣ್ಣಗಾದ ಊಟ ಬಡಿಸಿದ್ದಕ್ಕೂ ಕ್ಷಮಿಸಿ. ಭಾನುವಾರ ಬಂದವರಿಗೆಲ್ಲ ಸೀಟು ಕೊಟ್ಟೆವು, ಅಷ್ಟು ಜನರಿಗೆ ಒಟ್ಟಿಗೆ ಬಡಿಸುವುದು ಅಡುಗೆಮನೆಯ ಕೈಯಲ್ಲಿ ಆಗಲಿಲ್ಲ. ಸಪ್ಲೈಯರ್ ಜೊತೆ ಮಾತಾಡಿದ್ದೇವೆ. ಈಗ ಎಷ್ಟು ಹೊತ್ತು ಕಾಯಬೇಕೆಂದು ಬಾಗಿಲಲ್ಲೇ ಹೇಳುತ್ತಿದ್ದೇವೆ.’ ಕೊನೆಯ ಎರಡು ವಾಕ್ಯಗಳನ್ನು, ಹಾಗೆ ಮಾಡಿದ್ದರೆ ಮಾತ್ರ ಬರೆಯಿರಿ. ನೀವು ಕಳಿಸಿದ ಒಂಬತ್ತರಲ್ಲಿ ಐದು ರಿವ್ಯೂ ಭಾನುವಾರದ ತಡದ ಬಗ್ಗೆಯೇ ಇವೆ. ಐದೂ ಜನರನ್ನು ಎದುರು ಹೋಟೆಲ್‌ನವರೇ ಕಳಿಸಿದರು ಎಂದು ನಂಬುವುದಕ್ಕಿಂತ ಭಾನುವಾರ ಅಡುಗೆಮನೆಗೆ ಇನ್ನೊಬ್ಬರನ್ನು ಹಾಕುವುದು ಅಗ್ಗ.

ಉತ್ತರಿಸುವುದರಿಂದ ಲಾಭವುಂಟೇ ಎಂದರೆ, ಉಂಟು. ಪ್ರೊಸೆರ್ಪಿಯೊ ಮತ್ತು ಜರ್ವಾಸ್ ವಸತಿಗೃಹಗಳ ಬಗ್ಗೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರ ಕೊಡಲು ಶುರುಮಾಡಿದವರ ರೇಟಿಂಗ್ ಸರಾಸರಿ 0.12 ಸ್ಟಾರ್ ಏರಿತು, ರಿವ್ಯೂಗಳ ಸಂಖ್ಯೆ ಶೇ 12ರಷ್ಟು ಹೆಚ್ಚಿತು. ಕೆಟ್ಟ ರಿವ್ಯೂಗಳು ಕಡಿಮೆಯಾದವು, ಬಂದವು ಮಾತ್ರ ಉದ್ದವಾದವು. ಮಾಲೀಕರು ಓದುತ್ತಾರೆಂದು ಗೊತ್ತಾದಾಗ, ಸುಮ್ಮನೆ ಒಂದು ಸ್ಟಾರ್ ಒಗೆದು ಹೋಗಲು ಜನ ಹಿಂಜರಿಯುತ್ತಾರೆ, ಬರೆದರೆ ಕಾರಣ ಸಮೇತ ಬರೆಯುತ್ತಾರೆ.

ಇನ್ನೊಂದು ರಿವ್ಯೂ ನಿಮ್ಮನ್ನು ಕೆರಳಿಸಿದೆ: ‘ಮಂಗಳವಾರ ರಾತ್ರಿ ಮಕ್ಕಳನ್ನು ಕರೆದುಕೊಂಡು ಹೋದೆವು. ಸುಮ್ಮನೆ ಅಲೆದಾಟ.’ ಒಂದು ಸ್ಟಾರ್. ಪಕ್ಕದಲ್ಲಿ ನೀವು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ: ‘ಮಂಗಳವಾರ ನಮಗೆ ರಜೆ! ಶುದ್ಧ ಸುಳ್ಳು.’ ನೀವೇ ಕಳಿಸಿದ ಇನ್ನೊಂದು ಹಾಳೆಯಲ್ಲಿ ನಿಮ್ಮ ಗೂಗಲ್ ಪುಟದ ಚಿತ್ರವಿದೆ. ಅದರಲ್ಲಿ ವಾರದ ಏಳೂ ದಿನ ತೆರೆದಿದೆ ಎಂದಿದೆ. ಅವರು ಊಟ ಚೆನ್ನಾಗಿಲ್ಲ ಎಂದು ಬರೆದಿಲ್ಲ, ಗಮನಿಸಿ. ಬಂದಿದ್ದಾರೆ, ಬೀಗ ನೋಡಿ ವಾಪಸು ಹೋಗಿದ್ದಾರೆ.

ಹಾಗಾಗಿ ರೀಲ್ಸ್, ಹಾಡು, ಹಬ್ಬದ ಶುಭಾಶಯದ ಚಿತ್ರ ಎಲ್ಲವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಪುಟ ನಿಮ್ಮದೆಂದು ಗೂಗಲ್‌ನಲ್ಲಿ ದೃಢಪಡಿಸಿ, ಅದರಲ್ಲಿ ರಜೆಯ ದಿನ, ಅಡುಗೆಮನೆ ಮುಚ್ಚುವ ವೇಳೆ, ಯಾರಾದರೂ ಎತ್ತುವ ಫೋನ್ ನಂಬರ್ ಇವನ್ನು ಸರಿಮಾಡಿ. ಗ್ರಾಹಕರು ಎಂದೋ ಹಾಕಿದ ಹಳೆಯ ಮೆನು ಕಾರ್ಡ್‌ನ ಫೋಟೊ ಮೇಲೆಯೇ ಕಾಣುತ್ತಿದ್ದರೆ ಹೊಸದನ್ನು ನೀವೇ ಹಾಕಿ. ಬಿಲ್ ಕೊಡುವಾಗ ನಡೆಯುವ ಅರ್ಧ ಜಗಳಗಳು ಆ ಹಳೆಯ ದರಗಳಿಂದಲೇ ಹುಟ್ಟುತ್ತವೆ. ಹೋಟೆಲ್ ಮಹಡಿಯ ಮೇಲಿದ್ದು ಮೆಟ್ಟಿಲಷ್ಟೇ ಇದ್ದರೆ ಅದನ್ನೂ ಹೇಳಿ. ವಯಸ್ಸಾದವರನ್ನು ಕರೆತಂದು ಕೆಳಗೆ ನಿಂತವರ ಸಿಟ್ಟು ನ್ಯಾಯವಾದದ್ದು.

ನಿಜಕ್ಕೂ ಸುಳ್ಳು ರಿವ್ಯೂ ಬಂದರೆ ತಾಣಕ್ಕೆ ವರದಿ ಮಾಡಬಹುದು. ಆದರೆ ‘ನಾನು ಇದನ್ನು ಒಪ್ಪುವುದಿಲ್ಲ’ ಎಂಬ ಕಾರಣಕ್ಕೆ ಯಾರೂ ತೆಗೆಯುವುದಿಲ್ಲ. ಬೈಗುಳ, ಬೆದರಿಕೆ, ಜಾಹೀರಾತು, ಪ್ರತಿಸ್ಪರ್ಧಿಯ ಕೈವಾಡ ಹೀಗೆ ಅವರ ನಿಯಮ ಮುರಿದದ್ದನ್ನು ತೋರಿಸಬೇಕು. ಅಲ್ಲಿಯವರೆಗೆ ಎರಡು ಸಾಲಿನ ಸಭ್ಯ ಉತ್ತರ ಅಲ್ಲಿರಲಿ.

ವಿಡಿಯೊ ಮಾಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಕ್ಷ ಹಿಂಬಾಲಕರಲ್ಲಿ ನಿಮ್ಮಲ್ಲಿಗೆ ಊಟಕ್ಕೆ ಬರುವಷ್ಟು ಹತ್ತಿರ ಇರುವವರು ಎಷ್ಟು ಎಂದು ಕೇಳಿ. ಪುಕ್ಕಟೆ ಊಟವೂ ಪ್ರತಿಫಲವೇ, ಅದನ್ನು ವಿಡಿಯೊದಲ್ಲಿ ಹೇಳುತ್ತೀರಾ ಎಂದೂ ಕೇಳಿ. ಈ ಎರಡನೆಯ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡಿ. ದುಡ್ಡು ಕೊಟ್ಟು ತಿಂದು, ತಾವಾಗಿ ಫೋಟೊ ಹಾಕಿದ ಮಾಮೂಲಿ ಗ್ರಾಹಕರಿಗೆ ಒಂದು ಧನ್ಯವಾದ ಬರೆದರೆ ಅದು ನನ್ನ ಲೆಕ್ಕದಲ್ಲಿ ಹೆಚ್ಚು ಬಾಳುತ್ತದೆ.

ಕ್ಯೂಆರ್ ಕೋಡ್ ಅಂಟಿಸಿ. ಕೇಳುವುದಕ್ಕೆ ಗೂಗಲ್‌ನ ಆಕ್ಷೇಪವಿಲ್ಲ. ಯೆಲ್ಪ್ ಮಾತ್ರ ಗ್ರಾಹಕರನ್ನು ರಿವ್ಯೂ ಕೇಳಲೇಬೇಡಿ ಎನ್ನುತ್ತದೆ. ಆದರೆ ನಗುತ್ತಾ ಹೊರಟವರಿಗೆ ಮಾತ್ರ ತೋರಿಸಿ, ಮುಖ ಗಂಟಿಕ್ಕಿದವರಿಗೆ ಮರೆಮಾಡುವುದನ್ನು ಗೂಗಲ್ ಒಪ್ಪುವುದಿಲ್ಲ. ರಿವ್ಯೂ ಬರೆದವರಿಗೆ ಬಿಲ್‌ನಲ್ಲಿ ರಿಯಾಯಿತಿ, ಪುಕ್ಕಟೆ ಸಿಹಿ ಇವೂ ನಿಷಿದ್ಧ. ಮತ್ತೆ, ಬಂಧುಗಳು ಊಟಕ್ಕೆ ಬಂದಾಗ ಆ ಕೋಡಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

– ಸಂಪಾದಕ