ಪುಲಕೇಶಿ ಬಂದರೂ ಫ್ರೇಜರ್ ಹೋಗಲಿಲ್ಲ

ಓದುಗರ ಪತ್ರ

ಸಂಪಾದಕರೇ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೂವತ್ತೆಂಟು ವರ್ಷದಿಂದ ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ಇದ್ದೇನೆ. ನಮ್ಮ ಬಡಾವಣೆಗೆ ಪುಲಕೇಶಿನಗರ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೂ ನಮ್ಮ ಬೆಳಗಿನ ವಾಕಿಂಗ್ ಗುಂಪಿನಲ್ಲಿ ಆ ಜಗಳ ಮುಗಿದಿಲ್ಲ. ಬ್ರಿಟಿಷರ ಹೆಸರನ್ನು ಇನ್ನೂ ಯಾಕೆ ಹೊತ್ತು ತಿರುಗಬೇಕು ಅಂತ ಒಬ್ಬರು. ನಮ್ಮಜ್ಜಿ ಬಾಳಿದ್ದು, ಸತ್ತಿದ್ದು ಫ್ರೇಜರ್ ಟೌನಿನಲ್ಲಿ, ಪುಲಕೇಶಿನಗರ ಯಾವುದೋ ನನಗೆ ಗೊತ್ತಿಲ್ಲ ಅಂತ ಇನ್ನೊಬ್ಬರು. ನಾನು ಕನ್ನಡದವನು. ಪುಲಕೇಶಿ ಅಂದರೆ ಎದೆ ಉಬ್ಬುತ್ತದೆ. ಆದರೆ ಆಟೋ ಹತ್ತಿದ ಕೂಡಲೇ ಬಾಯಿಗೆ ಬರುವುದು ಫ್ರೇಜರ್ ಟೌನ್. ಅಲ್ಸೂರಿನಲ್ಲಿರುವ ನನ್ನ ತಮ್ಮ ಇದನ್ನು ಹಿಡಿದು ರೇಗಿಸುತ್ತಾನೆ. ನನ್ನದು ತಪ್ಪಾ? ಅಥವಾ ಹೆಸರಿನಲ್ಲೇನಿದೆ ಅಂತ ಸುಮ್ಮನಿದ್ದುಬಿಡಲಾ?
– ಒಬ್ಬ ಓದುಗ, ಬೆಂಗಳೂರು

ಸಂಪಾದಕರ ಉತ್ತರ

ಇದನ್ನು ಯಾರಾದರೂ ಕೇಳಲಿ ಅಂತ ನಾನು ಹತ್ತು ವರ್ಷದಿಂದ ಕಾಯುತ್ತಿದ್ದೆ. ಹಾಗಾಗಿ ಉತ್ತರ ಉದ್ದವಾಗುತ್ತದೆ. ಕಾಫಿ ತಂದುಕೊಂಡು ಕೂತುಕೊಳ್ಳಿ.

ಮೊದಲು ನಿಮ್ಮ ಕೊನೆಯ ಸಾಲು. ಹೆಸರಿನಲ್ಲೇನಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಅವರೇ ಮದುವೆ ಪತ್ರಿಕೆಯಲ್ಲಿ ತಮ್ಮ ಹೆಸರು ಬಿಟ್ಟುಹೋದರೆ ಮೂರು ವರ್ಷ ಮಾತು ಬಿಡುತ್ತಾರೆ. ನೀವು ಆ ಪೈಕಿ ಅಲ್ಲ. ಆಗಿದ್ದರೆ ಎರಡು ಪುಟ ಬರೆಯುತ್ತಿರಲಿಲ್ಲ.

ಇನ್ನೊಂದು ತಕರಾರಿದೆ. ಫ್ರೇಜರೋ ಪುಲಕೇಶಿಯೋ ಅಂತ ಇಷ್ಟು ತಲೆ ಕೆಡಿಸಿಕೊಂಡ ನೀವು ತಮ್ಮನ ಊರನ್ನು ‘ಅಲ್ಸೂರು’ ಅಂತ ಬರೆದಿದ್ದೀರಿ. ಅದು ಹಲಸೂರು ಸ್ವಾಮಿ! ಹಲಸಿನ ಹಣ್ಣಿನ ಹಲಸು. ದೊರೆಗಳು ಅದನ್ನು ತಮ್ಮ ಭಾಷೆಯಲ್ಲಿ ಹೇಗೋ ಬರೆದುಕೊಂಡರು. ನಾವು ಅವರು ಬರೆದದ್ದನ್ನು ಓದಿ, ಹಣ್ಣನ್ನೂ ಮರವನ್ನೂ ಕಳೆದುಕೊಂಡು, ಮತ್ತೆ ಕನ್ನಡಕ್ಕೆ ತಂದುಕೊಂಡೆವು.

ಬೇಜಾರು ಮಾಡಿಕೊಳ್ಳಬೇಡಿ. ನಾನು ಹೇಳಬೇಕಾದದ್ದೆಲ್ಲ ಈ ಹಲಸಿನ ಹಣ್ಣಿನಲ್ಲೇ ಇದೆ. ಅಲ್ಸೂರನ್ನು ಹಲಸೂರು ಅನ್ನುವುದು ಕಳೆದುಹೋದ ಮಗುವನ್ನು ಮನೆಗೆ ಕರೆತಂದ ಹಾಗೆ. ಫ್ರೇಜರ್ ಟೌನನ್ನು ಪುಲಕೇಶಿನಗರ ಅನ್ನುವುದು ಬಾಡಿಗೆದಾರರನ್ನು ಬದಲಾಯಿಸಿದ ಹಾಗೆ. ಎರಡಕ್ಕೂ ‘ಹೆಸರು ಬದಲಾವಣೆ’ ಅಂತ ಒಂದೇ ಮಾತು ಬಳಸುತ್ತೇವೆ. ಅರ್ಧ ಜಗಳ ಹುಟ್ಟುವುದು ಅಲ್ಲೇ.

2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಹುಬ್ಳಿ ಹುಬ್ಬಳ್ಳಿಯಾಯಿತು, ಶಿಮೊಗ ಶಿವಮೊಗ್ಗವಾಯಿತು. ಯು.ಆರ್. ಅನಂತಮೂರ್ತಿ ಅದಕ್ಕಾಗಿ ಪಟ್ಟು ಹಿಡಿದಿದ್ದರು. ಜಾರಿಗೆ ಬರುವ ಹೊತ್ತಿಗೆ ಅವರೇ ಇರಲಿಲ್ಲ. ಆಗ ನಮ್ಮ ಮನೆಯಲ್ಲಿ ಪೇಪರ್ ಓದಿ ಹೇಳಿದಾಗ ನಮ್ಮ ದೊಡ್ಡಮ್ಮ, “ಬೆಂಗಳೂರಿಗೆ ಬೆಂಗಳೂರು ಅಂತ ಹೆಸರಿಟ್ಟರಾ?” ಅಂತ ಕೇಳಿದರು. ಅವರ ಬಾಯಲ್ಲಿ ಅದು ಯಾವತ್ತೂ ಬೇರೆ ಆಗಿರಲೇ ಇಲ್ಲ. ಮಂಗಳೂರಿನವರು ಮಾತ್ರ ಈ ಗಲಾಟೆಯನ್ನೇ ತಲೆಗೆ ಹಚ್ಚಿಕೊಳ್ಳುವ ಹಾಗಿಲ್ಲ. ತುಳುವರಿಗೆ ಅದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಬೋರ್ಡಿನ ಮೇಲೆ ಏನಾದರೂ ಬರೆದುಕೊಳ್ಳಿ ಅಂತ ಅವರು ಯಾವಾಗಲೋ ತೀರ್ಮಾನ ಮಾಡಿದ್ದಾರೆ.

ನಿಮ್ಮ ಗುಂಪಿನ ಮೊದಲನೆಯವರ ಮಾತಿನಲ್ಲಿ ನ್ಯಾಯವಿಲ್ಲ ಅಂತಲ್ಲ. ದಂಡು ಪ್ರದೇಶ, ಅಂದರೆ ನಿಮ್ಮ ಬಡಾವಣೆ ಇರುವ ಕಂಟೋನ್ಮೆಂಟ್, 1947ರವರೆಗೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲಿತ್ತು. ಆ ನೆನಪು ಚುಚ್ಚುವವರಿಗೆ ಚುಚ್ಚಲಿ. ಇನ್ನು ಜಾತಿ ಹಿಡಿದು ಕರೆಯುತ್ತಿದ್ದ ಎಷ್ಟೋ ಕೇರಿಗಳು ಇವತ್ತು ಅಂಬೇಡ್ಕರ್ ನಗರಗಳಾಗಿವೆ. ಅದಕ್ಕೆ ನಾನು ಎರಡೂ ಕೈ ಎತ್ತುತ್ತೇನೆ. ಅಲ್ಲಿ ಹೆಸರೇ ಬೈಗುಳವಾಗಿತ್ತು. ಫ್ರೇಜರ್ ಟೌನ್ ಯಾರಿಗೂ ಬೈಗುಳವಲ್ಲ.

ಅಷ್ಟಕ್ಕೂ ಈ ಫ್ರೇಜರ್ ಯಾರು? ಸ್ಟುವರ್ಟ್ ಫ್ರೇಜರ್ ಚಿಕ್ಕ ವಯಸ್ಸಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದವರು, ಆಮೇಲೆ ಮೈಸೂರಿನ ರೆಸಿಡೆಂಟ್ ಆದವರು. 1898ರ ಪ್ಲೇಗ್ ಊರನ್ನು ಅಲ್ಲಾಡಿಸಿತ್ತು. ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರಗೆ ತರಬೇಕು, ಇಲಿ ಸೇರದ ಹಾಗೆ ಮನೆ ಕಟ್ಟಬೇಕು ಅಂತ ಯೋಚಿಸಿ 1910ರಲ್ಲಿ ನಿಮ್ಮ ಬಡಾವಣೆ ಶುರು ಮಾಡಿದರು. ಹೆಸರು ಫ್ರೇಜರರದ್ದಾದರೂ ಕಥೆ ಪ್ಲೇಗಿನದ್ದು, ಇಲಿಗಳದ್ದು, ಬದುಕಿ ಉಳಿದವರದ್ದು. ನಿಮ್ಮ ಗೆಳೆಯರ ಅಜ್ಜಿ ‘ಫ್ರೇಜರ್ ಟೌನ್’ ಅಂದಾಗ ದೊರೆಗೆ ಸಲಾಂ ಹೊಡೆಯುತ್ತಿರಲಿಲ್ಲ. ತನ್ನ ಮನೆಯ ದಾರಿ ಹೇಳುತ್ತಿದ್ದರು.

ಪುಲಕೇಶಿ ನನಗೂ ಹೆಮ್ಮೆ. ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದವನು. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ, ಕ್ರಿ.ಶ. 634ರದ್ದು. ಒಂದು ರಜೆಯಲ್ಲಿ ಹೋಗಿ ಆ ಗುಡ್ಡ ಹತ್ತಿ ಬನ್ನಿ, ಎದೆ ಇನ್ನೂ ಉಬ್ಬುತ್ತದೆ. ಆದರೆ ಆ ಬಾದಾಮಿಯ ದೊರೆಯನ್ನು ಕರೆತಂದು ಮಸೀದಿ ರಸ್ತೆಯ ರಂಜಾನ್ ಸಮೋಸಾ ಅಂಗಡಿಗಳ ನಡುವೆ ನಿಲ್ಲಿಸಿದರೆ ಅವನಿಗೆ ದಾರಿ ತಿಳಿಯುತ್ತದಾ? ಫ್ರೇಜರರಿಗಿಂತ ಮುಂಚೆ ಅಲ್ಲಿ ಹೊಲ ಉತ್ತವರು ಆ ಜಾಗವನ್ನು ಏನಂತ ಕರೆಯುತ್ತಿದ್ದರು ಅಂತ ಹೆಸರಿಡುವ ಸಮಿತಿಗಳು ಕೇಳುವುದಿಲ್ಲ. ಆ ಹೆಸರು ತಂದಿದ್ದರೆ ನಾನೇ ಬಂದು ಬೋರ್ಡಿಗೆ ಹಾರ ಹಾಕುತ್ತಿದ್ದೆ.

ದೊಡ್ಡವರ ಹೆಸರಿಟ್ಟು ಅವರನ್ನು ನಾವು ಉಳಿಸಿಕೊಳ್ಳುವ ಪರಿ ನೋಡಿ. ರವೀಂದ್ರನಾಥ ಟ್ಯಾಗೋರರು ಆರ್.ಟಿ. ನಗರವಾದರು. ಜಯಪ್ರಕಾಶ ನಾರಾಯಣರು ಜೆ.ಪಿ. ಕೃಷ್ಣರಾಜರು ಕೆ.ಆರ್. ಪುರ. ವಿಶ್ವೇಶ್ವರಯ್ಯನವರು ವಿ.ವಿ. ಪುರ, ಅಲ್ಲಿಯ ಹುಡುಗರಿಗೆ ಅದು ತಿಂಡಿ ಬೀದಿ ಅಷ್ಟೇ. ಗಾಂಧೀಜಿಯನ್ನೂ ಬಿಡಲಿಲ್ಲ. ಸೌತ್ ಪೆರೇಡ್ ತೆಗೆದು 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಮಾಡಿದೆವು, ಆಮೇಲೆ ಅದನ್ನು ಎಂ.ಜಿ. ರೋಡ್ ಮಾಡಿದೆವು. ಇದು ನಮ್ಮದೊಂದೇ ಕಾಯಿಲೆ ಅಲ್ಲ, ಚೆನ್ನೈನಲ್ಲಿ ತ್ಯಾಗರಾಯರು ಬರೀ ‘ಟಿ’ ಆಗಿದ್ದಾರೆ. ಇಂಗ್ಲಿಷ್ ಹೆಸರು ಬೇಡ ಅಂತ ಹೊರಟವರು ಇಂಗ್ಲಿಷ್ ಅಕ್ಷರಮಾಲೆಗೆ ಬಂದು ನಿಂತಿದ್ದೇವೆ. ಪುಲಕೇಶಿ ಇನ್ನೂ ‘ಪಿ.ಕೆ. ನಗರ’ ಆಗಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಜನ ಆ ಹೆಸರನ್ನು ಜಾಸ್ತಿ ಬಳಸದೆ ಇರುವುದೇ ಅವನನ್ನು ಕಾಪಾಡಿದೆ ಅನಿಸುತ್ತದೆ.

ಹಳ್ಳಿ ಹೆಸರುಗಳಿಗೂ ಅದೇ ಗತಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿ.ಟಿ.ಎಂ. ಆದವು. ತಾವರೆಯೂ ಇಲ್ಲ, ಕೆರೆಯೂ ಇಲ್ಲ, ಒಂದು ‘ಟಿ’ ಇದೆ.

ನಾಲಿಗೆಗೆ ಯಾವ ಅಧಿಸೂಚನೆಯೂ ತಟ್ಟುವುದಿಲ್ಲ. ಕಬ್ಬನ್ ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಾಯಿತು. ಸುಮಾರು ನೂರು ವರ್ಷವಾದರೂ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವುದು ಕಬ್ಬನ್ ಪಾರ್ಕಿಗೇ. ಮೆಜೆಸ್ಟಿಕ್ ಇನ್ನೂ ತಮಾಷೆ. ಅದೊಂದು ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಹೋಯಿತು, ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು, ಮೆಟ್ರೋ ಬಂತು. ಕಂಡಕ್ಟರ್ ಕೂಗುವುದು ಮಾತ್ರ ‘ಮೆಜೆಸ್ಟಿಕ್, ಮೆಜೆಸ್ಟಿಕ್’. ಒಮ್ಮೆ ನಾನು ಶಿಸ್ತಾಗಿ “ಕೆಂಗಲ್ ಹನುಮಂತಯ್ಯ ರಸ್ತೆಗೆ ಬರ್ತೀರಾ?” ಅಂತ ಆಟೋದವರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಡಬಲ್ ರೋಡ್ ಅನ್ನಿ ಸಾರ್, ಯಾಕೆ ಭಾಷಣ ಮಾಡ್ತೀರಾ” ಅಂದರು. ವಿಧಾನಸೌಧ ಕಟ್ಟಿಸಿದವರ ಹೆಸರು ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಜನ ತಮಗೆ ಬೇಕಾದ ಕಡೆ ತಾವೇ ಕನ್ನಡ ಮಾಡಿಕೊಳ್ಳುತ್ತಾರೆ ಅನ್ನುವುದನ್ನೂ ನೋಡಿ. ಕಂಟೋನ್ಮೆಂಟಿಗೆ ‘ದಂಡು’ ಅಂದರು. ರೈಲು ನಿಲ್ದಾಣದ ಬೋರ್ಡಿಗೂ ಅದು ಬಂತು. ಎಂಥ ಗಟ್ಟಿ ಮಾತು! ಸಮಿತಿ ಕೂತಿದ್ದರೆ ‘ಸೇನಾ ಶಿಬಿರ ಪ್ರದೇಶ’ ಅಂತ ಮಾಡಿ ಕೈ ತೊಳೆದುಕೊಳ್ಳುತ್ತಿತ್ತು.

ನನಗೆ ಇಷ್ಟವಾದ ಹೆಸರು ಯಾವುದು ಗೊತ್ತಾ? ಹೆಬ್ಬಾಳ. ಕೆಲವು ವರ್ಷಗಳ ಹಿಂದೆ ಅಲ್ಲಿ ಚರಂಡಿಗೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿಟ್ಟಯ ಅನ್ನುವ ವೀರ ಹೋರಾಡಿ ಸತ್ತ ಸುದ್ದಿ ಅದರಲ್ಲಿದೆ. ನಾಡಿನ ಹೆಸರು ‘ಪೆರ್ಬೊಳಲ್’ ಅಂತ ಇದೆ. ಪೆರ್ ಅಂದರೆ ದೊಡ್ಡ, ಪೊಳಲ್ ಅಂದರೆ ಊರು. ಪಕಾರ ಹಕಾರವಾಯಿತು, ಸವೆದು ಸವೆದು ಹೆಬ್ಬಾಳವಾಯಿತು. ಸಾವಿರದ ಇನ್ನೂರು ವರ್ಷಕ್ಕಿಂತ ಜಾಸ್ತಿ. ಗಂಗರು ಹೋದರು, ಹೊಯ್ಸಳರು ಹೋದರು, ಫ್ಲೈಓವರ್ ಬಂತು, ಆ ಹೆಸರು ಟ್ರಾಫಿಕ್ಕಿನಲ್ಲಿ ಇನ್ನೂ ನಿಂತಿದೆ. ನಡುವೆ ಯಾವನಾದರೂ ಪಾಳೆಯಗಾರ ತನ್ನ ಅಪ್ಪನ ಹೆಸರಿಟ್ಟಿದ್ದರೆ ಆ ಕಲ್ಲಿನ ಅಕ್ಷರಕ್ಕೂ ನಮ್ಮ ಬಸ್ ಬೋರ್ಡಿಗೂ ನಂಟು ಕಡಿದುಹೋಗುತ್ತಿತ್ತು. ಬೇಗೂರಿನ ಕಲ್ಲೂ ಹಾಗೆಯೇ. ಸುಮಾರು ಕ್ರಿ.ಶ. 890ರ ಆ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಬಲ್ಲಾಳರಾಯ ತಿಂದ ಬೆಂದಕಾಳಿನ ಕಥೆಗಿಂತ ಊರಿನ ಹೆಸರೇ ಹಳೆಯದು ಅಂತ ಗೊತ್ತಾಗಿದ್ದು ಅದರಿಂದ.

ಹೆಸರು ಬರೀ ನೆನಪಿಗಲ್ಲ, ಉಪಯೋಗಕ್ಕೂ ಬರುತ್ತದೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ. ಈ ‘ಸಂದ್ರ’ ಅಂದರೆ ಸಮುದ್ರ, ಅಂದರೆ ಕೆರೆ. ಇಲ್ಲಿ ನೀರು ನಿಲ್ಲುತ್ತದೆ ಕಣಪ್ಪಾ ಅಂತ ಹಿಂದಿನವರು ಊರಿನ ಹಣೆಯ ಮೇಲೆ ಬರೆದಿಟ್ಟು ಹೋದರು. ನಾವು ಓದಲಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು ಕಡೆಯ ಐಟಿ ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಅಲ್ಲಿಯ ಎಷ್ಟೋ ವಿಲ್ಲಾಗಳಿಗೆ ಇಟಲಿ, ಸ್ಪೇನಿನ ಕಡೆಯ ಹೆಸರು. ಕಾವಲುಗಾರನಿಗೆ ಹೇಳಲು ಬರುವುದಿಲ್ಲ, ಕೊರಿಯರ್ ಹುಡುಗನಿಗೆ ಬರುವುದಿಲ್ಲ, ಕೊಂಡವರಿಗೂ ಅನುಮಾನ. ಗೇಟಿನ ಮೇಲೆ ‘ಇಂಥವರ ಕೆರೆ ಅಂಗಳ’ ಅಂತ ಇದ್ದಿದ್ದರೆ ಮುಂಗಡ ಕೊಡುವ ಮುಂಚೆ ಒಂದು ಸಲ ಯೋಚಿಸುತ್ತಿದ್ದರು, ಅಲ್ವಾ? ಫ್ರೇಜರರ ಮೇಲೆ ಸಿಟ್ಟಾಗುವ ನಿಮ್ಮ ಗೆಳೆಯರು ಒಂದು ಸಂಜೆ ಸರ್ಜಾಪುರ ರಸ್ತೆಗೆ ಹೋಗಿಬರಲಿ. ನೂರು ವರ್ಷದ ಹಿಂದೆ ಒಬ್ಬ ಇಂಗ್ಲಿಷಿನವನ ಹೆಸರು ಹೊರಗಿನಿಂದ ಬಂತು. ಇವತ್ತು ನಾವೇ ಸಾಲ ಮಾಡಿ, ಕಂತು ಕಟ್ಟಿ ಪರದೇಶದ ಹೆಸರು ತರುತ್ತಿದ್ದೇವೆ.

ಹೆಸರಿಗೆ ಚದರಡಿ ಲೆಕ್ಕದಲ್ಲಿ ಬೆಲೆ ಬಂದ ಮೇಲಂತೂ ಮುಗಿಯಿತು. ರಾಮನಗರ ಒಂದು ಕಾಲದಲ್ಲಿ ಬ್ಯಾರಿ ಕ್ಲೋಸ್ ಅನ್ನುವ ರೆಸಿಡೆಂಟನ ಹೆಸರಲ್ಲಿ ಕ್ಲೋಸ್‌ಪೇಟೆ ಆಗಿತ್ತು. ಆಮೇಲೆ ರಾಮನಗರ. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಬೆಂಗಳೂರು ಅನ್ನುವ ಮಾತು ಸೇರಿದರೆ ಹೂಡಿಕೆ ಬರುತ್ತದೆ, ಜಮೀನಿನ ರೇಟು ಏರುತ್ತದೆ ಅನ್ನುವವರಿದ್ದಾರೆ. ನಮ್ಮ ಬೆಟ್ಟ, ನಮ್ಮ ರೇಷ್ಮೆ ಮಾರುಕಟ್ಟೆ, ನಮ್ಮ ಹೆಸರು ಅಂತ ಬೇಸರಪಟ್ಟವರೂ ಇದ್ದಾರೆ. ಭೂವಿಜ್ಞಾನಿಗಳು ಮಾತ್ರ ಅಲ್ಲಿಯ ಬಂಡೆಯನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಬಂಡೆ. ನಮ್ಮ ಹೆಸರುಗಳ ಜಗಳ ಅದಕ್ಕೆ ಏನನಿಸಬೇಕು!

ನಾನು ಹುಟ್ಟಿದ ಬೀದಿಗೆ ಹುಣಸೆಮರದ ಬೀದಿ ಅಂತ ಹೆಸರಿತ್ತು. ಮರ ಕಡಿದ ಮೇಲೂ ಹೆಸರಿತ್ತು. ಈಗ ಅದು ‘ಮೂರನೇ ಅಡ್ಡರಸ್ತೆ’. ಹೋದ ವರ್ಷ ಹೋಗಿದ್ದಾಗ ಹುಣಸೆಮರದ ಬೀದಿ ಯಾವುದು ಅಂತ ಬೇಕಂತಲೇ ಒಬ್ಬ ಹುಡುಗನನ್ನು ಕೇಳಿದೆ. “ಇಲ್ಲಿ ಯಾವ ಮರಾನೂ ಇಲ್ಲ ಅಂಕಲ್” ಅಂದ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆಟೋದಲ್ಲಿ ಫ್ರೇಜರ್ ಟೌನ್ ಅನ್ನಿ, ಅದರಿಂದ ಕನ್ನಡಕ್ಕೆ ಏನೂ ಆಗುವುದಿಲ್ಲ. ವೋಟು ಹಾಕಲು ಹೋದಾಗ ಪುಲಕೇಶಿನಗರ ಅನ್ನಿ, 2008ರಿಂದ ನಿಮ್ಮ ಕ್ಷೇತ್ರದ ಹೆಸರೇ ಅದು. ಪಕ್ಕದ ಪಾಟರಿ ಟೌನಿಗೆ ಗಣೇಶನನ್ನು ತರಲು ಹೋದಾಗ ಅಲ್ಲಿಯ ಹಿರಿಯ ಕುಂಬಾರರೊಬ್ಬರನ್ನು ಹಿಡಿದು, ಈ ಸುತ್ತಮುತ್ತ ನಿಮ್ಮ ಮನೆಯವರು ಹೇಳುತ್ತಿದ್ದ ಹಳೆಯ ಹೆಸರುಗಳು ಯಾವುವು ಅಂತ ಕೇಳಿ ಬರೆದುಕೊಳ್ಳಿ. ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ವಾಕಿಂಗ್ ಗುಂಪಿನ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಜಗಳಕ್ಕೆ ಹೊಸ ಸಾಮಾನು ಸಿಗುತ್ತದೆ.

ಹಾಂ, ಮರೆತೆ. ಹೋದ ತಿಂಗಳು ನಿಮ್ಮ ಸಂಚಿಕೆ ‘ವಿಳಾಸ ಸರಿಯಿಲ್ಲ’ ಅನ್ನುವ ಮುದ್ರೆ ಹೊತ್ತು ನಮಗೆ ವಾಪಸ್ ಬಂದಿದೆ. ನಮ್ಮ ಹುಡುಗ ಚೀಟಿಯಲ್ಲಿ ಪುಲಕೇಶಿನಗರ ಅಂತ ಬರೆದಿದ್ದ, ಪಿನ್‌ಕೋಡ್ ಬಿಟ್ಟಿದ್ದ. ಈ ಸಲ ಎರಡೂ ಹೆಸರು ಬರೆಸಿ, ಪಿನ್ ಹಾಕಿಸಿ ಕಳಿಸಿದ್ದೇನೆ. ಅಂಚೆಯವರು ಯಾವ ಹೆಸರು ಓದಿ ನಿಮ್ಮ ಮನೆ ಹುಡುಕಿದರು ಅಂತ ಕೇಳಿ ಒಂದು ಕಾರ್ಡು ಬರೆಯಿರಿ. ನಿಮ್ಮ ತಮ್ಮನಿಗೆ ಹಲಸೂರಿನ ವಿಳಾಸಕ್ಕೆ ಒಂದು ಪ್ರತಿ ಬೇರೆ ಹಾಕಿದ್ದೇವೆ, ಅದಕ್ಕೆ ದುಡ್ಡು ಬೇಡ.